ಹಿಂದಿನ ಚಕ್ರದ ನಿಂಬೆಹಣ್ಣು

ನಾನು ಏರಿನ ಮಧ್ಯದಲ್ಲಿ ಅರ್ಧ ಕ್ಲಚ್ಚಿನ ಮೇಲೆ ಕಾರು ನಿಲ್ಲಿಸಿದರೆ ಗುಬ್ಬಿಗಳು ಬಂದು ಬಂಪರಿನ ಮೇಲೆ ಹುಲ್ಲುಕಡ್ಡಿ ಇಡುತ್ತಿದ್ದವು. ಅಷ್ಟು ಅಲುಗದೆ ನಿಲ್ಲುತ್ತಿತ್ತು ಕಾರು. ಒಮ್ಮೆ ಹಾಗೆ ನಿಲ್ಲಿಸಿದವನು, ಗೂಡಾಗಿ, ಮೊಟ್ಟೆಯಾಗಿ, ಮರಿಗಳು ಹಾರಿಹೋಗುವ ತನಕ ಕಾಲು ತೆಗೆಯಲಿಲ್ಲ. ನನ್ನ ಹೆಂಡತಿ ಜಯಶೀಲ ಮೂರು ಹೊತ್ತೂ ಊಟವನ್ನು ಅಲ್ಲಿಗೇ ತಂದುಕೊಟ್ಟಳು. ಇದನ್ನು ನಂಬದವರು ನಮ್ಮೂರಿನಲ್ಲಿ ಯಾರೂ ಇಲ್ಲ. ಏಕೆಂದರೆ ನಂಬದವರಿಗೆ ನಾನು ಡ್ರೈವಿಂಗ್ ಕಲಿಸಲಿಲ್ಲ, ನನ್ನ ಹತ್ತಿರ ಕಲಿಯದವರು ಏರು ಹತ್ತಲಿಲ್ಲ, ಏರು ಹತ್ತದವರು ನಮ್ಮೂರಿನವರೇ ಅಲ್ಲ.

ನನ್ನ ಹೆಸರು ದೊರೆಸ್ವಾಮಿ. ಊರಿನವರು ಕರೆಯುವುದು ಕ್ಲಚ್ ದೊರೆಸ್ವಾಮಿ ಎಂದು. 'ದೊರೆ ಮೋಟಾರು ಡ್ರೈವಿಂಗ್ ಶಾಲೆ'ಯ ಸ್ಥಾಪಕ, ಪ್ರಾಂಶುಪಾಲ, ಗುಮಾಸ್ತ, ಜೊತೆಗೆ ಕಸ ಗುಡಿಸುವವನೂ ನಾನೇ. ಶಾಲೆಯ ಮೇಜಿನ ಮೇಲೆ ಒಂದು ಗಾಜಿನ ಭರಣಿ. ಅದರೊಳಗೆ ಉಪ್ಪುನೀರಿನಲ್ಲಿ ಮೂವತ್ತೊಂದು ವರ್ಷದಿಂದ ಒಂದು ನಿಂಬೆಹಣ್ಣು. ಅದು ಯಾವ ನಿಂಬೆಹಣ್ಣು ಎಂದು ಹೇಳಬೇಕಾದರೆ ಮೊದಲು ಏರಿನ ವಿಷಯ ಹೇಳಬೇಕು.

ಕೆಳಪೇಟೆಯಿಂದ ಮೇಲುಬೀದಿಗೆ ಹೋಗಲು ನಮಗಿರುವುದು ಒಂದೇ ರಸ್ತೆ, ಅದೇ ಏರು. ಅದು ಇವತ್ತು ಇದ್ದಷ್ಟು ನಾಳೆ ಇರುವುದಿಲ್ಲ. ಒಂದು ದಿನ ಎಮ್ಮೆಯ ಬೆನ್ನಿನಷ್ಟು ಉಬ್ಬಿದ್ದರೆ, ಮರುದಿನ ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ ನಿಂತಿರುತ್ತದೆ. ಹಾಲು ಹಾಕುವವನು ಬೆಳಿಗ್ಗೆ ಬಾಗಿಲು ತಟ್ಟಿದಾಗ ನಾವು ಮೊದಲು ಕೇಳುವುದು, "ಏರು ಎಷ್ಟಪ್ಪಾ?" ಅವನು "ಮೂರನೇ ಗೇರು ತಾಯಿ" ಎಂದರೆ ಮನೆಯಲ್ಲಿ ನಿಧಾನವಾಗಿ ದೋಸೆ ಹುಯ್ಯಬಹುದು. "ಎರಡನೇದು" ಎಂದರೆ ಅವಲಕ್ಕಿ. "ಒಂದನೇದು, ಅದೂ ಅಳ್ತಾ ಅಳ್ತಾ" ಎಂದರೆ ಶಾಲೆಗೆ ರಜೆ, ಕೋರ್ಟಿಗೆ ರಜೆ, ಅಂದು ಹುಟ್ಟಿದ ಮಕ್ಕಳಿಗೆ ಹಟ ಜಾಸ್ತಿ. ನಮ್ಮೂರಿನ ದರ್ಜಿಗಳು ಯಾರ ಅಳತೆ ತೆಗೆದುಕೊಂಡರೂ ಪ್ಯಾಂಟಿನ ಎಡಗಾಲಿಗೆ ಒಂದೂವರೆ ಇಂಚು ಹೆಚ್ಚು ಬಟ್ಟೆ ಬಿಡುತ್ತಿದ್ದರು. ಕ್ಲಚ್ಚು ತುಳಿದೂ ತುಳಿದೂ ಊರಿನ ಎಡಗಾಲೆಲ್ಲ ಹಾಗೆ ಬೆಳೆದಿತ್ತು. ನನ್ನ ಎಡಗಾಲಿಗೆ ಬೇರೆಯೇ ದರ್ಜಿ ಇದ್ದ.

ಇಂಥ ಊರಿನಲ್ಲಿ ಹೆಣ್ಣು ಕೊಡುವವರು ಜಾತಕ ನೋಡುತ್ತಾರೆಯೇ? ನಿಂಬೆಹಣ್ಣು ನೋಡುತ್ತಾರೆ. ನಿಶ್ಚಿತಾರ್ಥದ ದಿನ ಏರಿನ ನಡುವೆ ರಂಗೋಲಿಯಿಂದ ಒಂದು ಗೆರೆ ಎಳೆಯುತ್ತಾರೆ. ಗಂಡು ಕಾರು ಹತ್ತಿಸಿಕೊಂಡು ಬಂದು ಗೆರೆಯ ಮೇಲೆ ನಿಲ್ಲಿಸಬೇಕು. ಹೆಣ್ಣು ಬಂದು ಹಿಂದಿನ ಎಡಚಕ್ರದ ಬೆನ್ನಿಗೆ, ನಾಲ್ಕು ಬೆರಳು ಬಿಟ್ಟು, ಒಂದು ನಿಂಬೆಹಣ್ಣು ಇಡುತ್ತಾಳೆ. ಹ್ಯಾಂಡ್‌ಬ್ರೇಕ್ ಮುಟ್ಟುವ ಹಾಗಿಲ್ಲ. ಕ್ಲಚ್ಚು ಬಿಡುತ್ತಾ ಆಕ್ಸಿಲೇಟರು ಕೊಡುತ್ತಾ ಗಾಡಿಯನ್ನು ಮುಂದಕ್ಕೆ ಎತ್ತಬೇಕು. ನಾಲ್ಕು ಬೆರಳಿಗಿಂತ ಹೆಚ್ಚು ಹಿಂದಕ್ಕೆ ಜಾರಿತೋ, ಹಣ್ಣು ಅಪ್ಪಚ್ಚಿ, ಮದುವೆಯೂ ಅಪ್ಪಚ್ಚಿ. ಜಾರಲಿಲ್ಲವೋ, ಹೆಣ್ಣು ಬಗ್ಗಿ ಇಡೀ ಹಣ್ಣನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾಳೆ, ವಾಲಗ ಊದುತ್ತಾರೆ. ಹಣ್ಣನ್ನು ಇಡುವುದು, ಎತ್ತುವುದು ಎರಡೂ ಹೆಣ್ಣಿನ ಹಕ್ಕು. ಬೇರೆ ಯಾರೂ ಮುಟ್ಟುವಂತಿಲ್ಲ.

ಭರಣಿಯಲ್ಲಿರುವುದು ಹಾಗೆ ಉಳಿದ ನನ್ನ ಹಣ್ಣು. ಏರು ಅಂದು ನೆಟ್ಟಗೆ ಆಕಾಶಕ್ಕೆ ನಿಂತಿತ್ತು. ಕಾರಿನ ಕನ್ನಡಿಯಲ್ಲಿ ನನಗೆ ಕಂಡದ್ದು ಹಿಂದಿನ ರಸ್ತೆಯಲ್ಲ, ಪಾತಾಳ. ನಾನು ಒಂದು ಕೂದಲೆಳೆಯಷ್ಟೂ ಜಾರದೆ ಎತ್ತಿದೆ. ಕಲಿಯಲು ಬಂದವರೆಲ್ಲ ಭರಣಿ ನೋಡಿ, "ಸಾರ್, ಹಣ್ಣು ಇಷ್ಟು ದಪ್ಪ ಇದೆಯಲ್ಲ?" ಎಂದು ಕೇಳುತ್ತಿದ್ದರು. "ಗೆದ್ದ ಹಣ್ಣು ಕಣಯ್ಯ, ಹಿಗ್ಗಿದೆ" ಎನ್ನುತ್ತಿದ್ದೆ. ಜಯಶೀಲ ಆ ಹೊತ್ತಿಗೆ ಸರಿಯಾಗಿ ಒಳಗೆ ಏನಾದರೂ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದಳು.

ಹೀಗೆ ಸುಖವಾಗಿದ್ದ ಊರಿಗೆ ಚಿದಂಬರ ಶೋರೂಮು ತಂದ. ಇವನು ಬೇರೆ ಯಾರೂ ಅಲ್ಲ, ಏರಿನ ಮೇಲೆ ಲಾರಿಯನ್ನೇ ಅರ್ಧ ಕ್ಲಚ್ಚಿನಲ್ಲಿ ತೂಗುತ್ತಿದ್ದ ಪುಟ್ಟಮಾದಪ್ಪನವರ ಸ್ವಂತ ಮಗ. ಅಂಥ ತಂದೆಯ ಮಗ ತಂದು ನಿಲ್ಲಿಸಿದ ಕಾರುಗಳಲ್ಲಿ ಕ್ಲಚ್ಚೇ ಇಲ್ಲ! ಗೇರಿನ ಜಾಗದಲ್ಲಿ ಒಂದು ಗುಂಡಿ, ತಿರುಗಿಸಿದರೆ ಆಯಿತು. ಮೊದಮೊದಲು ನಾನು ನಕ್ಕೆ. ನಾನು ನಕ್ಕರೆ ಮೂರು ಬೀದಿಗೆ ಕೇಳುತ್ತದೆ. ಆದರೆ ಮೇಲುಬೀದಿಯ ಡಾಕ್ಟರು ಕೊಂಡರು, ಆಮೇಲೆ ಕಾಲೇಜಿನ ಮೇಷ್ಟ್ರು, ಆಮೇಲೆ ಕಾಫಿಪುಡಿ ಅಂಗಡಿಯವನು. ಅಭ್ಯಾಸಬಲದಿಂದ ಎಲ್ಲರ ಎಡಗಾಲೂ ಇಲ್ಲದ ಕ್ಲಚ್ಚನ್ನು ಹುಡುಕಿ ನೆಲ ತುಳಿಯುತ್ತಿತ್ತು. ಆರು ತಿಂಗಳಲ್ಲಿ ಊರಿನ ಹೊಸ ಕಾರುಗಳ ಮ್ಯಾಟೆಲ್ಲ ಎಡಗಡೆ ತೂತಾದವು. ಚಿದಂಬರ ಅದಕ್ಕೂ ಉಪಾಯ ಮಾಡಿದ: ಎಡಗಾಲಿಗೆ ತುಳಿಯಲೆಂದು ಒಂದು ರಬ್ಬರಿನ ದಿಂಬನ್ನು ಉಚಿತವಾಗಿ ಕೊಟ್ಟ. ದಿಂಬು ತುಳಿದರೆ ಏನೂ ಆಗುವುದಿಲ್ಲ. ಜನ ಬಹಳ ತೃಪ್ತಿಯಿಂದ ತುಳಿದರು.

ನಿಂಬೆಹಣ್ಣಿನ ಪರೀಕ್ಷೆಗೂ ಇವೇ ಕಾರು ಬಂದವು. ಬ್ರೇಕಿನಿಂದ ಕಾಲು ತೆಗೆದರೂ ಕಾರು ಹಿಂದಕ್ಕೆ ಬರುವುದಿಲ್ಲ, ಅದಕ್ಕದೇ ಹಿಡಿದುಕೊಳ್ಳುತ್ತದೆ. ವರಮಹಾಶಯರು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಬಾದಾಮಿ ಹಾಲು ಕುಡಿಯುತ್ತಾ ಪಾಸಾದರು. ಒಬ್ಬನಂತೂ ಪರೀಕ್ಷೆ ಮುಗಿದ ಮೇಲೆ, "ಶುರು ಯಾವಾಗ?" ಎಂದು ಕೇಳಿದ. ಒಂದು ಹಣ್ಣಿಗೂ ಗೀರು ಬೀಳಲಿಲ್ಲ. ಅವೇ ನಾಲ್ಕು ಹಣ್ಣನ್ನು ಇಡೀ ಮದುವೆಯ ಕಾಲದಲ್ಲಿ ಮತ್ತೆ ಮತ್ತೆ ಬಳಸಿದರು.

ಕೊನೆಗೆ ಏರಿಗೂ ಬೇಸರ ಬಂತು. ಯಾರೂ ಅದನ್ನು ಎಷ್ಟು ಎಂದು ಕೇಳುವವರಿಲ್ಲ, ಯಾರ ಕಾಲೂ ಅದರ ಬೆನ್ನನ್ನು ತಡವಿ ನೋಡುವುದಿಲ್ಲ. ಅದು ದಿನೇ ದಿನೇ ಮಲಗತೊಡಗಿತು. ಮೇಲುಬೀದಿಯ ಗಾಳಿ ನಿಂತಿತು. ತಲೆತಲಾಂತರದಿಂದ ಕೆಳಪೇಟೆಯವರನ್ನು ಮೇಲಿನಿಂದ ನೋಡಿಕೊಂಡು ಬಂದಿದ್ದ ಮೇಲುಬೀದಿಯವರು ಒಂದು ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿಗೆ ನೇರವಾಗಿ ಕೆಳಪೇಟೆಯವರ ಕಿಟಕಿ, ಅದರೊಳಗೆ ಹಲ್ಲುಜ್ಜುವ ಜನ. ಎರಡೂ ಕಡೆಯವರು ಕೂಡಲೇ ಪರದೆ ಹೊಲಿಸಿದರು. ದರ್ಜಿಗಳಿಗೆ ಪ್ಯಾಂಟಿನ ಒಂದೂವರೆ ಇಂಚು ಹೋದರೂ ಪರದೆ ಸಿಕ್ಕಿತು. ನನಗೆ ಏನೂ ಸಿಗಲಿಲ್ಲ. ವರ್ಷದಲ್ಲಿ ಒಬ್ಬನೇ ಒಬ್ಬ ಕಲಿಯಲು ಬಂದ; ಅವನೂ ವಿಳಾಸ ತಪ್ಪಿ ಬಂದಿದ್ದ.

ಚಿದಂಬರ ತನ್ನ ಶೋರೂಮಿನ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದು, ಶಾಲು ಹೊದಿಸಿ, ಮೈಕಿನಲ್ಲಿ ಹೇಳಿದ: "ದೊರೆಸ್ವಾಮಿಯವರು ನಮ್ಮೂರಿನ ಸ್ಮಾರಕ. ಅವರನ್ನ ನಾವು ಕಾಪಾಡ್ಕೋಬೇಕು." ಜನ ಚಪ್ಪಾಳೆ ತಟ್ಟಿದರು. ಸ್ಮಾರಕ ಎಂದರೆ ಕಾಗೆ ಕೂರುವ ಜಾಗ ಎಂದು ಗೊತ್ತಿಲ್ಲದಷ್ಟು ದಡ್ಡನೇ ನಾನು? ಮೈಕು ಕಿತ್ತುಕೊಂಡೆ. ಮೈಕು ಕೈಗೆ ಬಂದರೆ ನನ್ನ ನಾಲಿಗೆಗೆ ಬ್ರೇಕಿಲ್ಲ.

"ಕೇಳ್ರಪ್ಪಾ! ಬೇರೆಯವರ ಅಳಿಯಂದಿರು ಗುಂಡಿ ತಿರುಗಿಸ್ಲಿ. ನನ್ನ ಮನೆಗೆ ಬರೋ ಅಳಿಯ ನನ್ನ ಹಂಸದಲ್ಲೇ ಏರು ಹತ್ತಬೇಕು, ನಿಂಬೆಹಣ್ಣು ಉಳಿಸಬೇಕು. ಉಳಿಸ್ಲಿಲ್ವೋ, ಮದುವೆಯೂ ಇಲ್ಲ, ಈ ಮೀಸೆಯೂ ಇಲ್ಲ!"

ಹಂಸ ಎಂದರೆ ನನ್ನ ಕಾರು. ಮೀಸೆ ಎಂದರೆ, ಎರಡು ತುದಿಗೂ ಒಂದೊಂದು ಗಿಳಿ ಕೂರಬಹುದಾದ ಮೀಸೆ. ಜನ ಮತ್ತೆ ಚಪ್ಪಾಳೆ ತಟ್ಟಿದರು. ನಾನು ಶಾಲು ಕೊಡವಿಕೊಂಡು ಆನೆಯ ಹಾಗೆ ಮನೆಗೆ ಬಂದೆ.

ಮನೆಯಲ್ಲಿ ಮಗಳು ಕುಮುದ ಹೊಸ್ತಿಲಲ್ಲೇ ನಿಂತಿದ್ದಳು. ಮೈಕಿನ ಮಾತು ಅವಳಿಗೆ ಕೇಳಿಸಿತ್ತು. "ಅಪ್ಪ, ನಿಮ್ಮ ಮೀಸೆ ಏನಾದ್ರೂ ಮಾಡ್ಕೊಳ್ಳಿ. ನನ್ನ ಮದುವೆ ಯಾಕೆ ಜೊತೆಗೆ ಸೇರಿಸಿದ್ರಿ?" ಎಂದಳು.

"ಈಗೇನು, ಗಂಡು ಎಲ್ಲಿದಾನೆ? ಹುಡುಕೋಣ, ಕ್ಲಚ್ಚು ಬರೋನನ್ನೇ ಹುಡುಕೋಣ."

"ಹುಡುಕೋದೇನಿಲ್ಲ. ಇದಾನೆ. ನಾನು ಒಪ್ಪಿ ಎಂಟು ತಿಂಗಳಾಯ್ತು. ಬಯಲೂರಿನವನು. ಕೆಳಪೇಟೇಲಿ ಕನ್ನಡಕದ ಅಂಗಡಿ ಇಟ್ಟಿದಾನಲ್ಲ, ಸುಧನ್ವ. ಅವನಿಗೆ ಗುಂಡಿ ತಿರುಗಿಸೋದು ಬಿಟ್ಟು ಬೇರೆ ಗೊತ್ತಿಲ್ಲ."

ಒಳಗಿನಿಂದ ಜಯಶೀಲ, "ಶಾಲು ಎಲ್ಲಿಡ್ಲಿ? ಬೀರುವಲ್ಲಾ, ಸ್ಮಾರಕದ ಮೇಲಾ?" ಎಂದು ಕೇಳಿದಳು.

ಸುಧನ್ವನನ್ನು ಕರೆಸಿದೆ. ತೆಳ್ಳಗೆ, ಬೆಳ್ಳಗೆ, ಎರಡೂ ಕಾಲು ಒಂದೇ ಅಳತೆಯ ಹುಡುಗ. ನಾನು ಎಂದಿನಂತೆ, ಏರಿನ ತುದಿಯಲ್ಲಿ ಕೂತರೆ ನಾಲ್ಕು ಮೈಲಿ ಆಚೆ ಬರುವ ಬಸ್ಸಿನ ಕಂಡಕ್ಟರ್ ಚಿಲ್ಲರೆ ಎಣಿಸುವುದು ಕಾಣುತ್ತದೆ ಎಂದೆ. ಬಂದವರೆಲ್ಲ ಇದಕ್ಕೆ ಆಶ್ಚರ್ಯಪಡುವುದು ವಾಡಿಕೆ. ಇವನು ಜೇಬಿನಿಂದ ಎರಡು ಗಾಜು ತೆಗೆದು, "ಮಾವ, ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ಹೀಗೆ ಚೆನ್ನಾಗಿ ಕಾಣುತ್ತಾ, ಹೀಗಾ?" ಎಂದ. ಎರಡನೆಯ ಗಾಜಿನಲ್ಲಿ ಮಾತ್ರ ಅದು ಕ್ಯಾಲೆಂಡರ್ ಎಂದು ತಿಳಿಯಿತು. ಅಲ್ಲಿಯವರೆಗೆ ನಾನದನ್ನು ಮಾವನವರ ಫೋಟೋ ಎಂದುಕೊಂಡು ಬೆಳಿಗ್ಗೆ ಕೈ ಮುಗಿಯುತ್ತಿದ್ದೆ. "ನಿಮಗೆ ಕನ್ನಡಕ ಬೇಕು ಮಾವ. ತಪ್ಪು ತಿಳ್ಕೋಬೇಡಿ, ಇಲ್ಲದ್ದನ್ನ ಹೇಳೋಕೆ ನನಗೆ ಬರಲ್ಲ" ಎಂದ. ಇಂಥವನನ್ನು ನಮ್ಮ ವಂಶಕ್ಕೆ ಸೇರಿಸಿಕೊಳ್ಳುವುದು ಎಷ್ಟು ಅಪಾಯ ಎಂದು ನನಗೆ ಅಂದೇ ಹೊಳೆಯಬೇಕಿತ್ತು.

ನಲವತ್ತು ದಿನ ಕಲಿಸಿದೆ. ಮೊದಲ ದಿನ ಹಂಸ ಇನ್ನೂರ ಹನ್ನೆರಡು ಸಲ ನಿಂತುಹೋಯಿತು. ನಾನು ಬೈದ ಬೈಗುಳಕ್ಕೆ ರಸ್ತೆಬದಿಯ ಹೊಂಗೆಮರ ಎಲೆ ಉದುರಿಸಿತು. ಅವನು ಮಾತ್ರ ಬೇಸರಪಡದೆ, ಕ್ಲಚ್ಚಿನ ಮೇಲೆ ಪಾದವನ್ನು ಅಕ್ಕಿಕಾಳಿನಷ್ಟು ಎತ್ತಿ, "ಮಾವ, ಹೀಗೆ ಸರಿನಾ, ಹೀಗಾ?" ಎಂದು ಕೇಳುವನು.

"ನನ್ನನ್ನ ಯಾಕಯ್ಯ ಕೇಳ್ತೀಯ? ಏರನ್ನ ಕೇಳು. ಅದು ಕಾಲಿಗೆ ಹೇಳುತ್ತೆ."

"ಏನಂತ ಹೇಳುತ್ತೆ?"

"ಗಾಡಿ ಹಿಡ್ಕೊಳ್ಳೋ ಜಾಗ ಬಂದಾಗ ಪಾದದಡಿ ಒಂದು ನಡುಕ ಬರುತ್ತೆ. ಮಲಗಿರೋ ಬೆಕ್ಕಿನ ಹೊಟ್ಟೆ ಮೇಲೆ ಕೈಯಿಟ್ಟ ಹಾಗೆ. ಅಲ್ಲಿ ನಿಲ್ಲು."

ಹತ್ತನೆಯ ದಿನ ಅವನಿಗೆ ಬೆಕ್ಕು ಸಿಕ್ಕಿತು. ಅವನ ಮುಖ ನೋಡಬೇಕಿತ್ತು! ಕನ್ನಡಕ ತೆಗೆದು ಒರೆಸಿಕೊಂಡ. "ಮಾವ, ಇದು ಮಾತಾಡುತ್ತೆ" ಎಂದ. ನಾನು ಕಿಟಕಿಯ ಕಡೆ ತಿರುಗಿ ಧೂಳು ಬಿತ್ತೆಂದು ಕಣ್ಣುಜ್ಜಿಕೊಂಡೆ. ನಮ್ಮೂರಿನ ಧೂಳು ಅಂಥದು, ತೆಂಗಿನಕಾಯಿ ಗಾತ್ರ.

ಆದರೆ ನಾನು ಒಂದು ತಪ್ಪು ಮಾಡಿದ್ದೆ. ನಾವು ದಿನವೂ ಕ್ಲಚ್ಚು ತುಳಿಯುತ್ತಿದ್ದುದು ಮಲಗಿದ್ದ ಏರಿಗೂ ಗೊತ್ತಾಯಿತು. ಎಷ್ಟೋ ಕಾಲದ ಮೇಲೆ ಯಾರೋ ತನ್ನನ್ನು ಕೇಳುತ್ತಿದ್ದಾರಲ್ಲ! ಅದು ಮೊದಲು ಕತ್ತೆತ್ತಿತು, ಆಮೇಲೆ ಬೆನ್ನೆತ್ತಿತು. ಮೇಲುಬೀದಿಗೆ ಗಾಳಿ ಬಂತು, ಪರದೆಗಳು ಹಾರಿದವು. ಹಾಲಿನವನು ಮತ್ತೆ "ಮೂರನೇ ಗೇರು" ಎಂದು ಕೂಗಿದ, ಮರುವಾರ "ಎರಡು." ನಾನು ಊರೆಲ್ಲ ತಿರುಗಿ, ಏರನ್ನು ಎಬ್ಬಿಸಿದವನು ನಾನೇ ಎಂದು ಸಾರಿದೆ. ಎಬ್ಬಿಸಿದ್ದು ಯಾರಿಗಾಗಿ, ಹತ್ತಬೇಕಾದವನು ಯಾರು ಎಂದು ಯೋಚಿಸಲಿಲ್ಲ. ನಿಶ್ಚಿತಾರ್ಥದ ದಿನ ಬೆಳಿಗ್ಗೆ ಹಾಲಿನವನು ಬಾಗಿಲು ತಟ್ಟಲಿಲ್ಲ. ಕೆಳಗಿನಿಂದಲೇ ಫೋನು ಮಾಡಿ, "ಸ್ವಾಮಿ, ಇವತ್ತು ಗೇರಿಲ್ಲ, ಹಗ್ಗ ಬೇಕು" ಎಂದ. ನನ್ನ ನಿಶ್ಚಿತಾರ್ಥದ ದಿನದ ಏರು ಇದರ ಮುಂದೆ ಅಡುಗೆಮನೆಯ ಹೊಸ್ತಿಲು.

ಆಗ ನಾನು ಏನು ಮಾಡಿದೆ ಎಂದು ಹೇಳಿಬಿಡುತ್ತೇನೆ. ಕ್ಲಚ್ ದೊರೆಸ್ವಾಮಿ, ಏರಿನ ಚಕ್ರವರ್ತಿ, ಪೇಟೆಗೆ ಹೋಗಿ ಒಂದೇ ಗಾತ್ರದ, ತೆಳುಸಿಪ್ಪೆಯ ಎರಡು ನಿಂಬೆಹಣ್ಣು ಆರಿಸಿ ತಂದ. ಒಂದನ್ನು ತಟ್ಟೆಯಲ್ಲಿಟ್ಟ. ಇನ್ನೊಂದನ್ನು ಜುಬ್ಬದ ಜೇಬಿನಲ್ಲಿಟ್ಟ. ಮಗಳ ಕೈಗೆ ಅದನ್ನು ಹೇಗೆ ದಾಟಿಸುವುದೆಂದು ಗೊತ್ತಿರಲಿಲ್ಲ, ಸುಮ್ಮನೆ ಇಟ್ಟುಕೊಂಡ. ಇದು ಮೋಸವಲ್ಲ, ಇದು ಮುಂಜಾಗ್ರತೆ.

ಊರಿಗೆ ಊರೇ ಏರಿನ ಎರಡೂ ಬದಿಗೆ ಮರ, ಕಂಬ, ಕಿಟಕಿ ಹಿಡಿದುಕೊಂಡು ನಿಂತಿತ್ತು. ಚಿದಂಬರ ತನ್ನ ತಾಯಿ ಗಿರಿಯಮ್ಮನವರನ್ನು ಕುರ್ಚಿಸಮೇತ ತಂದು, ಕುರ್ಚಿ ಜಾರದ ಹಾಗೆ ಹೊಂಗೆಮರಕ್ಕೆ ಕಟ್ಟಿಸಿದ್ದ. ಅವನ ಕೈಯಲ್ಲಿ ಒಂದು ಪುಟ್ಟ ಪೊಟ್ಟಣ. "ಏನಪ್ಪಾ ಅದು?" ಎಂದೆ. "ಹೊಸ ರೇಜರ್ರು, ದೊರೆಸ್ವಾಮಿಯವರೇ. ನಮ್ಮ ಶೋರೂಮಿನ ಕಡೆಯಿಂದ" ಎಂದ.

ಕೆಳಗಿನಿಂದ ಹಂಸ ಬಂತು. ಒಂದನೇ ಗೇರಿನಲ್ಲಿ ನರಳುತ್ತಾ, ಹೊಗೆಯುಗುಳುತ್ತಾ ಬಂದು ರಂಗೋಲಿಯ ಮೇಲೆ ನಿಂತಿತು. ಸುಧನ್ವ ಬ್ರೇಕು ತುಳಿದು ನಿಲ್ಲಿಸಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ತೋರಿಸಿದ. ಕುಮುದ ಸೀರೆಯ ನೆರಿಗೆ ಹಿಡಿದು ಹಿಂದೆ ಹೋಗಿ, ನಾಲ್ಕು ಬೆರಳು ಅಳೆದು, ನನ್ನ ತೆಳುಸಿಪ್ಪೆಯ ಹಣ್ಣನ್ನು ಇಟ್ಟು ಪಕ್ಕಕ್ಕೆ ಸರಿದಳು. ಅವಳ ಮುಖ ಸುಣ್ಣದ ಹಾಗಿತ್ತು. ವಾಲಗದವನು ಉಸಿರು ತುಂಬಿಕೊಂಡು ಹಾಗೇ ನಿಂತ.

ಸುಧನ್ವ ಬ್ರೇಕು ಬಿಟ್ಟ. ಎಂಜಿನ್ನು ಹೂಂಕರಿಸಿತು. ಒಂದು ಕ್ಷಣ ಕಾರು ಅಲ್ಲೇ ನಿಂತಿತು, ಎಷ್ಟು ಚೆನ್ನಾಗಿ ಎಂದರೆ ನಾನು ಗುಬ್ಬಿ ಹುಡುಕಿದೆ. ಆಮೇಲೆ ಏರು ಸಂತೋಷ ತಡೆಯಲಾರದೆ ಇನ್ನೊಂದು ಗೇಣು ಎದ್ದಿತು. ಹಂಸ ಹಿಂದಕ್ಕೆ ಜಾರಿತು. ಒಂದು ಗೇಣೇ ಇರಬಹುದು. ಮರುಕ್ಷಣ ಕಾಲಿಗೆ ಜಾಗ ಸಿಕ್ಕಿ, ಕಾರು ಬಾಣದಂತೆ ಮೇಲಕ್ಕೆ ಹೋಗಿ ಮೇಲುಬೀದಿಯ ಬಾಯಲ್ಲಿ ನಿಂತಿತು.

ಕುಮುದ ಬಗ್ಗಿದಳು. ಎದ್ದಳು. ಕೈ ಎತ್ತಿದಳು. ಕೈಯಲ್ಲಿ ಇಡೀ ನಿಂಬೆಹಣ್ಣು!

ವಾಲಗ ಕಿವಿ ಹರಿಯುವಂತೆ ಊದಿತು. ಜನ ಹಿಡಿದುಕೊಂಡಿದ್ದ ಕಂಬ ಬಿಟ್ಟು ಕುಣಿಯಲು ಹೋಗಿ ಕೆಲವರು ಕೆಳಪೇಟೆಯ ತನಕ ಉರುಳಿದರು. ನಾನೂ ಕುಣಿಯಬೇಕೆಂದು ಕಾಲೆತ್ತಿದೆ. ಎತ್ತಿದ ಕಾಲು ಹಾಗೇ ನಿಂತಿತು. ಸುಧನ್ವ ಕೊಟ್ಟ ಹೊಸ ಕನ್ನಡಕ ನನ್ನ ಮೂಗಿನ ಮೇಲಿತ್ತು ನೋಡಿ, ಎಲ್ಲವೂ ಸ್ಪಷ್ಟವಾಗಿ ಕಂಡಿತು. ಮಗಳ ಕೈಯಲ್ಲಿದ್ದುದು ನನ್ನ ತೆಳುಸಿಪ್ಪೆಯ ಹಣ್ಣಲ್ಲ. ಮುಷ್ಟಿಗಾತ್ರದ, ಗಂಟುಗಂಟು ಸಿಪ್ಪೆಯ, ತುದಿ ಚೂಪಾದ ಹಣ್ಣು. ನಮ್ಮ ಹಿತ್ತಲ ಗಿಡದ ಹಣ್ಣು. ಆ ಗಿಡದ ಸಸಿಯನ್ನು ಜಯಶೀಲ ಮದುವೆಯಾಗಿ ಬಂದಾಗ ತವರಿನಿಂದ ತಂದಿದ್ದಳು. ಅದೇ ಗಾತ್ರದ, ಅದೇ ಗಂಟುಗಂಟು ಸಿಪ್ಪೆಯ ಇನ್ನೊಂದು ಹಣ್ಣನ್ನು ನಾನು ಮೂವತ್ತೊಂದು ವರ್ಷದಿಂದ ದಿನವೂ ಭರಣಿಯಲ್ಲಿ ನೋಡುತ್ತಿದ್ದೆ. ಜೊತೆಗೆ, ಒಡೆದ ನಿಂಬೆಯ ವಾಸನೆ ಏರಿನ ತುಂಬ ಹರಡಿತ್ತು. ಎಲ್ಲರ ಮೂಗಿಗೂ ಬಡಿದಿರಲೇಬೇಕು. ಯಾರೂ ಏನೂ ಹೇಳಲಿಲ್ಲ. ನಮ್ಮೂರಿನ ಮೂಗುಗಳು ಬಹಳ ಸುಸಂಸ್ಕೃತ.

ಜಯಶೀಲಳ ಕಡೆ ನೋಡಿದೆ. ಅವಳು ಆಕಾಶದಲ್ಲಿ ಯಾವುದೋ ಹಕ್ಕಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು.

ಅಷ್ಟರಲ್ಲಿ ಸುಧನ್ವ ಇಳಿದು ಬಂದ. ನೇರವಾಗಿ ನನ್ನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: "ಮಾವ, ಹಣ್ಣು ಒಡೀತು."

ವಾಲಗ ನಿಂತಿತು.

"ಏನ್ರೀ ನೀವು!" ಕುಮುದ ಹಲ್ಲುಕಚ್ಚಿ ಪಿಸುಗುಟ್ಟಿದಳು. "ಬಾಯಿ ಮುಚ್ಕೊಂಡು ಇಳಿಯೋಕೆ ಆಗಲ್ವಾ ನಿಮಗೆ?"

"ಗೊತ್ತಾಯ್ತಲ್ಲ ಕುಮುದ. ಕಾಲಿಗೇ ಗೊತ್ತಾಯ್ತು. ಮೊದಲು ಗಟ್ಟಿಯಾಗಿ ತಡೀತು, ಆಮೇಲೆ ಮೆತ್ತಗೆ ಕುಸೀತು. ಗೊತ್ತಾದ ಮೇಲೆ ಇಲ್ಲ ಅನ್ನೋದು ಹೇಗೆ?"

ಚಿದಂಬರ ಆಗಲೇ ಹಂಸದ ಹಿಂದೆ ಹೋಗಿ, ಚಕ್ರಕ್ಕೆ ಅಂಟಿದ್ದ ಸಿಪ್ಪೆಯನ್ನು ಬಿಡಿಸಿಕೊಂಡು ಬಂದು ಮದುವೆಯ ಉಂಗುರದ ಹಾಗೆ ಎರಡು ಬೆರಳಲ್ಲಿ ಹಿಡಿದು ತೋರಿಸಿದ. "ಹುಡುಗನೇ ಹೇಳ್ತಿದಾನಲ್ಲ, ದೊರೆಸ್ವಾಮಿಯವರೇ. ಮದುವೆಯೂ ಇಲ್ಲ, ಮೀಸೆಯೂ ಇಲ್ಲ. ಮೈಕಲ್ಲಿ ಹೇಳಿದ್ರಿ. ರೇಜರ್ರು ಕೊಡ್ಲಾ?"

ಇಂಥ ಹೊತ್ತಿನಲ್ಲಿ ನನಗೆ ಎಂದೂ ಸುಳ್ಳಿನ ಕೊರತೆಯಾದದ್ದಿಲ್ಲ. ಒಂದಲ್ಲ, ಹದಿನೇಳು ಸುಳ್ಳುಗಳು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅದು ಹೋದ ವಾರದ ಸಿಪ್ಪೆ ಎನ್ನಬಹುದಿತ್ತು. ಹುಡುಗನಿಗೆ ಗಾಬರಿಯಲ್ಲಿ ಭ್ರಮೆಯಾಗಿದೆ ಎನ್ನಬಹುದಿತ್ತು. ಆದರೆ ಕುಮುದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹುಡುಗನನ್ನು ಸುಳ್ಳುಗಾರನೆಂದರೆ ಅವನು ಹೊರಟುಹೋಗುತ್ತಾನೆ. ನಿಜ ಹೇಳಿದ್ದಾನೆಂದರೆ ನಾನೇ ಅವನನ್ನು ಕಳಿಸಬೇಕು. ಆ ಗಳಿಗೆಯಲ್ಲಿ ನನ್ನ ಎಡಗಾಲಿಗೆ ಒಂದು ನೆನಪು ಬಂತು. ಮೂವತ್ತೊಂದು ವರ್ಷದ ಹಿಂದೆ ಇದೇ ಗೆರೆಯ ಮೇಲೆ ಮೊದಲು ಗಟ್ಟಿಯಾಗಿ ತಡೆದದ್ದು, ಆಮೇಲೆ ಮೆತ್ತಗೆ ಕುಸಿದದ್ದು. ಅದು ಕಲ್ಲು ಎಂದುಕೊಂಡಿದ್ದೆ. ಕಲ್ಲು ಕುಸಿಯುವುದಿಲ್ಲ ಎಂದು ನನಗೆ ಅಂದೂ ಗೊತ್ತಿತ್ತು. ಆಮೇಲೆ ಹೇಳಿದ ಗುಬ್ಬಿ, ಗಿಳಿ, ನಾಲ್ಕು ಮೈಲಿ, ಎಲ್ಲವನ್ನೂ ಆ ಒಂದು ಹಣ್ಣಿನ ಮೇಲೆ ಪೇರಿಸಿದ್ದೆ.

"ಮೂವತ್ತೊಂದು ವರ್ಷದ ಹಿಂದೆ," ಎಂದೆ. ದನಿ ನನ್ನದೇ ಎಂದು ಗುರುತು ಸಿಗಲಿಲ್ಲ, ಅಷ್ಟು ಸಣ್ಣಗಿತ್ತು. "ನನ್ನ ಕಾಲಿಗೂ ಗೊತ್ತಾಗಿತ್ತು ಕಣಯ್ಯ. ನನ್ನದೂ ಒಡೆದಿತ್ತು. ಭರಣೀಲಿರೋದು ಬೇರೆ ಹಣ್ಣು. ಒಡೆದರೆ ಮದುವೆ ಇಲ್ಲ ಅನ್ನೋದಾದರೆ, ನಾನೂ ಇವಳೂ ಇಷ್ಟು ವರ್ಷ ಸುಮ್ನೆ ಒಂದೇ ಮನೇಲಿ ಬಾಡಿಗೆಗಿದ್ದೀವಿ."

ಚಿದಂಬರ ನಗಲು ಬಾಯಿ ತೆರೆದ. "ನಮ್ಮಪ್ಪನ ಕಾಲದಲ್ಲಿ ಹೀಗಿರಲಿಲ್ಲ. ನಮ್ಮಪ್ಪ ಲಾರೀಲಿ..."

"ಸುಮ್ನಿರೋ ಚಿದಂಬರ," ಎಂದರು ಹೊಂಗೆಮರಕ್ಕೆ ಕಟ್ಟಿದ್ದ ಗಿರಿಯಮ್ಮ. "ನಿಮ್ಮಪ್ಪ ಒಡೆದದ್ದು ಒಂದಲ್ಲ, ಎರಡು. ಮೊದಲ್ನೇದು ಹೋಯ್ತು ಅಂತ ಯಾರಿಗೂ ಕಾಣದ ಹಾಗೆ ಎರಡನೇದು ಇಟ್ಟೆ. ಆ ಮಹರಾಯ ಇನ್ನೊಂದು ಸಲ ಜಾರಿ ಅದರ ಮೇಲೂ ಹತ್ತಿಸಿದ್ರು. ಪುಣ್ಯಕ್ಕೆ ನಮ್ಮಮ್ಮ ಮೂರು ಕೊಟ್ಟು ಕಳಿಸಿದ್ಲು."

ಆಮೇಲೆ ತಡೆಯುವವರು ಯಾರು! ಕಾಫಿಪುಡಿ ಅಂಗಡಿಯವನ ಹೆಂಡತಿ "ನಮ್ಮದೂನೂ" ಎಂದಳು. ಕಾಲೇಜು ಮೇಷ್ಟ್ರ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಗಂಡನ ಬೆನ್ನಿಗೆ ಗುದ್ದಿದಳು. ಒಂದೊಂದು ಕಿಟಕಿಯಿಂದಲೂ ಒಬ್ಬೊಬ್ಬ ಹೆಂಗಸು. ಊರಿನ ಗಂಡಸರೆಲ್ಲ ತಮ್ಮ ತಮ್ಮ ಎಡಗಾಲು ನೋಡಿಕೊಂಡು ನಿಂತರು. ಏರಿನ ಇತಿಹಾಸದಲ್ಲಿ ಕ್ಲಚ್ಚಿನ ಕಾರಿನಡಿ ಒಂದು ನಿಂಬೆಹಣ್ಣೂ ಉಳಿದಿರಲಿಲ್ಲ. ನಮ್ಮೂರಿನ ಕ್ಲಚ್ಚಿನ ಕೀರ್ತಿಯನ್ನೆಲ್ಲ ಅಷ್ಟೂ ವರ್ಷ ಎತ್ತಿ ಹಿಡಿದಿದ್ದು ಸೀರೆಯ ನೆರಿಗೆ. ಗುಂಡಿಯ ಕಾರಿನಲ್ಲಿ ಪಾಸಾದ ಹೊಸ ಅಳಿಯಂದಿರು ಮಾತ್ರ ಏನು ನಡೆಯುತ್ತಿದೆ ಎಂದು ತಿಳಿಯದೆ ಫೋನು ನೋಡುತ್ತಿದ್ದರು. ಅವರ ಹಣ್ಣು ಒಡೆದಿರಲಿಲ್ಲ. ಅವರಿಗಾಗಿ ಯಾರೂ ಇನ್ನೊಂದು ಹಣ್ಣು ಕಟ್ಟಿಕೊಂಡು ಬಂದಿರಲೂ ಇಲ್ಲ.

ನಾನು ಜೇಬಿಗೆ ಕೈಹಾಕಿ ನನ್ನ ಎರಡನೆಯ ನಿಂಬೆಹಣ್ಣನ್ನು ತೆಗೆದು ತೋರಿಸಿದೆ. ಕುಮುದ ಬಾಯಿಗೆ ಸೆರಗು ಅಡ್ಡ ಹಿಡಿದಳು. ಜಯಶೀಲ ಹಕ್ಕಿಯನ್ನು ಬಿಟ್ಟು ಮೊದಲ ಬಾರಿಗೆ ನನ್ನ ಕಡೆ ನೋಡಿ, "ತಂದಿದ್ದಾದ್ರೂ ಅದೇ ತೆಳುಸಿಪ್ಪೇದಾ? ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?" ಎಂದಳು. ಆಮೇಲೆ ಚಿದಂಬರನ ಮುಂದೆ ಹೋಗಿ ಕೈಚಾಚಿದಳು. "ಮದುವೆ ಇರ್ಲಿ, ಮೀಸೆ ಹೋಗ್ಲಿ. ಮಾತು ಅರ್ಧ ಉಳಿದ್ರೂ ಇವರ ಲೆಕ್ಕದಲ್ಲಿ ಬಹಳ ಆಯ್ತು. ಕೊಡಪ್ಪ ಆ ರೇಜರ್ರು."

ಹೀಗೆ ಮೀಸೆ ಹೋಯಿತು. ಕ್ಷೌರದ ಅಂಗಡಿಯಿಂದ ಅದನ್ನು ಎರಡು ಗೋಣಿಚೀಲದಲ್ಲಿ ಸಾಗಿಸಬೇಕಾಯಿತು. ಮದುವೆ ಮುಗಿಯಿತು. ಏರು ಹೊಟ್ಟೆತುಂಬ ಉಂಡವರ ಹಾಗೆ ಎರಡನೇ ಗೇರಿನಲ್ಲಿ ತಣ್ಣಗೆ ಕೂತಿತು. ಚಿದಂಬರನ ಕಾರುಗಳು ಈಗಲೂ ಚೆನ್ನಾಗಿಯೇ ಮಾರಾಟವಾಗುತ್ತವೆ, ಸುಧನ್ವನೂ ಅಂಗಡಿಗೆ ಹೋಗುವುದು ಗುಂಡಿ ತಿರುಗಿಸುವ ಕಾರಿನಲ್ಲೇ. ಭಾನುವಾರ ಮಾತ್ರ ಬಂದು ಹಂಸದ ಕೀಲಿ ಕೇಳುತ್ತಾನೆ. ಬೆಕ್ಕನ್ನು ನೋಡಿಕೊಂಡು ಬರುತ್ತೇನೆ ಎನ್ನುತ್ತಾನೆ.

ಮದುವೆಯ ಗದ್ದಲವೆಲ್ಲ ಇಳಿದ ಮೇಲೆ ಒಂದು ಬೆಳಿಗ್ಗೆ ಜಯಶೀಲ ಭರಣಿಯ ಹಣ್ಣನ್ನು ತೆಗೆದು ಹೋಳು ಮಾಡುತ್ತಿದ್ದಳು. "ಒಂದು ಮಾತು ಹೇಳೇ," ಎಂದೆ. "ಅವತ್ತು ಹಣ್ಣು ಬದಲಾಯಿಸಿದೆ, ಸರಿ. ಇಷ್ಟು ವರ್ಷ ನಾನು ಊರೆಲ್ಲ ಕೊಚ್ಚಿಕೊಳ್ತಿದ್ದಾಗ ಯಾಕೆ ಸುಮ್ನಿದ್ದೆ?"

ಅವಳು ಚಾಕು ನಿಲ್ಲಿಸಲಿಲ್ಲ. "ಕಾರಿಂದ ಇಳಿದಾಗ ನಿಮ್ಮ ಮುಖ ನೋಡಿದ್ದೆ. ನಿಮಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯ್ತು. ಇವತ್ತಲ್ಲ ನಾಳೆ ನೀವೇ ಹೇಳ್ತೀರಿ ಅಂದ್ಕೊಂಡೆ. ಇಷ್ಟು ನಿಧಾನದ ಗೇರು ಅಂತ ಗೊತ್ತಿರ್ಲಿಲ್ಲ."

ಎದ್ದು ಹಂಸದ ಕೀಲಿ ತೆಗೆದುಕೊಂಡೆ. "ಬಾ" ಎಂದೆ. ಅವಳು ಹಿತ್ತಲಿಗೆ ಹೋಗಿ ಬಂದು ಕಾರು ಹತ್ತಿದಳು. ಏರಿನ ನಡುವೆ ಗೆರೆಯಿದ್ದ ಜಾಗದಲ್ಲಿ ನಿಲ್ಲಿಸಿದೆ. ಅವಳು ಇಳಿದು, ಹಿಂದೆ ಹೋಗಿ, ಬಗ್ಗಿ, ನಾಲ್ಕು ಬೆರಳು ಅಳೆದದ್ದು ಕನ್ನಡಿಯಲ್ಲಿ ಕಂಡಿತು. ನಾನು ಬ್ರೇಕು ಬಿಟ್ಟೆ, ಪಾದದಡಿ ನಡುಕ ಹುಡುಕಿದೆ, ಕಾರು ಎತ್ತಿದೆ. ನೂರು ಅಡಿ ಮುಂದೆ ಹೋಗಿ ನಿಲ್ಲಿಸಿ ತಿರುಗಿ ನೋಡಿದರೆ, ಅವಳು ರಸ್ತೆಯಿಂದ ಏನನ್ನೋ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದಳು. ಕೂತಳು. ತೋರಿಸಲಿಲ್ಲ. ಕಾಲಿಗೆ ಏನು ಗೊತ್ತಾಯಿತೆಂದು ನಾನೂ ಹೇಳಲಿಲ್ಲ.

ಅಂದು ಮಧ್ಯಾಹ್ನ ಮನೆಯಲ್ಲಿ ಚಿತ್ರಾನ್ನ. ಒಡೆದ ಹಣ್ಣಿನದೋ, ಇಡೀ ಹಣ್ಣಿನದೋ, ಕೇಳಲಿಲ್ಲ. ಎರಡು ಸಲ ಬಡಿಸಿಕೊಂಡು ತಿಂದೆ. ಹನ್ನೆರಡು ಸಲ ಅಲ್ಲ, ಎರಡೇ ಸಲ.